ಇಟ್ಟಿಗೆಯ ಮೇಲೆ ನಿಂತವನಿಗೆ

ವಿಠಲಾ,

ನಿನ್ನನ್ನು ಪಂಢರಾಪುರದಲ್ಲಿ ನಿಲ್ಲಿಸಿದವನು ಹುಟ್ಟುಭಕ್ತನಲ್ಲ. ಮರಾಠಿ ಕೀರ್ತನಕಾರರು ಇದನ್ನು ಮುಚ್ಚಿಟ್ಟವರಲ್ಲ. ಪುಂಡಲೀಕ ಹೆತ್ತವರನ್ನು ಗೋಳಾಡಿಸಿದ ಮಗ. ಕಾಶಿಯ ದಾರಿಯಲ್ಲಿ ಮುದುಕರನ್ನು ನಡೆಸಿ, ತಾನು ಕುದುರೆಯೇರಿ ಹೋದವನು. ಕುಕ್ಕುಟ ಮುನಿಯ ಆಶ್ರಮದಲ್ಲಿ ಅವನ ಮನಸ್ಸು ತಿರುಗಿತು. ನೀನು ಅವನ ಬಾಗಿಲಿಗೆ ಬಂದ ಹೊತ್ತಿಗೆ ಅವನು ತಂದೆತಾಯಿಯ ಕಾಲೊತ್ತುತ್ತಿದ್ದ. ಎದ್ದು ಬರಲಿಲ್ಲ. ಒಂದು ಇಟ್ಟಿಗೆ ಎಸೆದು, ಇದರ ಮೇಲೆ ನಿಂತಿರು, ಕೆಲಸ ಮುಗಿಸಿ ಬರುತ್ತೇನೆ ಎಂದ. ನೀನು ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅವನ ಹಳೆಯದನ್ನು ಕೆದಕಲಿಲ್ಲ, ಎಷ್ಟು ಹೊತ್ತು ಎಂದು ಕೇಳಲಿಲ್ಲ.

ನಾನು ಇವತ್ತು ನಿನ್ನ ಮುಂದೆ ಇಡುವ ಬೇಡಿಕೆಯೆಲ್ಲ ಆ ನಿಲುವಿನದೇ. ಕಲ್ಯಾಣ ದಾಟಿದರೆ ಕರ್ಜತ್ ದಾರಿಯಲ್ಲಿ ಮೊದಲು ಸಿಗುವ ನಿಲ್ದಾಣಕ್ಕೆ ನಿನ್ನ ಹೆಸರೇ ಇದೆ, ವಿಠ್ಠಲವಾಡಿ. ಅಲ್ಲಿಂದ ಕೋಳಸೇವಾಡಿಯವರೆಗಿನ ಗಲ್ಲಿಗಳಲ್ಲಿ ಹದಿನಾಲ್ಕರಿಂದ ಇಪ್ಪತ್ತೆರಡರ ಹುಡುಗರ ನಡುವೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರ ಹೊಣೆ ನನ್ನ ಮೇಲಿದೆ. ಹುಡುಗರು ನನ್ನನ್ನು ಅಣ್ಣಾ ಎನ್ನುತ್ತಾರೆ. ಮುಂಬಯಿಯ ಹೋಟೆಲುಗಳಲ್ಲಿ ನಮ್ಮ ಊರಿನವರನ್ನು ಕರೆಯುವ ಹಾಗೆ. ಚೂರಿ ಎತ್ತುವ ಕೈ ಎತ್ತದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಹೇಳಲು ಇಷ್ಟೇ. ಮಾಡಲು ಎಷ್ಟು ಎಂಬುದು ನಿನಗೆ ಗೊತ್ತು.

ಸಂಜೆ ಏಳರಿಂದ ರಾತ್ರಿ ಹನ್ನೊಂದರ ಹೊತ್ತನ್ನು ಮೊದಲು ನಿನಗೆ ಒಪ್ಪಿಸುತ್ತೇನೆ. ಆ ಹೊತ್ತಿಗೆ ಅಪ್ಪ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಿರುತ್ತಾನೆ. ಅವ್ವ ಡೊಂಬಿವಲಿಯ ಪಲಾವಾದಲ್ಲೋ ಠಾಣೆಯ ಘೋಡಬಂದರ್ ರಸ್ತೆಯ ಎತ್ತರದ ಕಟ್ಟಡದಲ್ಲೋ ಇನ್ನೊಬ್ಬರ ಚಪಾತಿ ಲಟ್ಟಿಸುತ್ತಿರುತ್ತಾಳೆ. ಮನೆಯೆಂದರೆ ಒಂದೇ ಕೋಣೆ. ಅಲ್ಲಿ ಅಕ್ಕ ಬಟ್ಟೆ ಬದಲಿಸಬೇಕು, ತಂಗಿ ಓದಬೇಕು, ರಾತ್ರಿ ಪಾಳಿಯ ಚಿಕ್ಕಪ್ಪ ಮಲಗಿರಬೇಕು. ಹುಡುಗ ಹೊರಗೆ ಬರಲೇಬೇಕು. ಪೋಲಿ ಬಿದ್ದಿದ್ದಾನೆ ಎಂದು ಎದುರುಮನೆಯವರು ಹೇಳುತ್ತಾರೆ. ಅವನಿಗೆ ಒಳಗೆ ಕೂರಲು ಜಾಗವಿಲ್ಲ, ತಂದೆ. ಗಲ್ಲಿಯ ತುದಿಯ ಕಟ್ಟೆಯೇ ಅವನ ಪಡಸಾಲೆ. ಅಲ್ಲಿ ಅವನಿಗಾಗಿ ಯಾರು ಕಾಯುತ್ತಿದ್ದಾರೆ ಎಂಬುದರ ಮೇಲೆ ಅವನ ಬದುಕು ನಿಂತಿದೆ. ನಾವು ಇಲ್ಲದಿದ್ದರೆ ಟೋಳಿ ಕಟ್ಟುವ ಭಾಯ್ ಇರುತ್ತಾನೆ. ಭಾಯ್ ತಪ್ಪದೆ ಬರುತ್ತಾನೆ. ಹುಟ್ಟುಹಬ್ಬ ನೆನಪಿಡುತ್ತಾನೆ, ಆಸ್ಪತ್ರೆಗೆ ದುಡ್ಡು ಕೊಡುತ್ತಾನೆ, ಹೆಸರು ಹಿಡಿದು ಕರೆಯುತ್ತಾನೆ. ಅವನಷ್ಟು ನಿಷ್ಠೆಯಿಂದ ನಾನೂ ನನ್ನ ಜೊತೆಗಾರರೂ ಆ ಕಟ್ಟೆಗೆ ಹೋಗುವಂತೆ ಮಾಡು.

ಜಗಳಗಳು ಹುಟ್ಟುವ ಕಾರಣಗಳನ್ನೂ ನಿನ್ನ ಮುಂದೆ ಇಡುತ್ತೇನೆ. ಅವು ಸಣ್ಣವು, ಅದಕ್ಕೇ ನನಗೆ ಭಯ. ಖುನ್ನಸಿನಿಂದ ನೋಡಿದ. ಟೆನಿಸ್ ಬಾಲ್ ಪಂದ್ಯದಲ್ಲಿ ವೈಡ್ ಕೊಡಲಿಲ್ಲ. ಗಣಪತಿ ಮೆರವಣಿಗೆಯಲ್ಲಿ ಡಿಜೆಯ ಮುಂದೆ ಕುಣಿಯುವಾಗ ಹೆಗಲು ತಾಗಿತು. ಇನ್‌ಸ್ಟಾಗ್ರಾಮಿನಲ್ಲಿ ಒಬ್ಬ ಸ್ಟೋರಿ ಹಾಕಿದ, ಇನ್ನೊಬ್ಬ ಅದರ ಕೆಳಗೆ ಒಂದು ನಗು ಬರೆದ. ಅಲ್ಲಿಂದ ಎರಡು ಗಲ್ಲಿಗಳ ನಡುವೆ ಮಾತು ನಿಲ್ಲುತ್ತದೆ. ಆಮೇಲೆ ಯಾರದೋ ಹುಟ್ಟುಹಬ್ಬಕ್ಕೆ ನಡುರಸ್ತೆಯಲ್ಲಿ ಬೈಕಿನ ಸೀಟಿನ ಮೇಲೆ ಕೇಕು ಇಟ್ಟು ತಲವಾರಿನಿಂದ ಕತ್ತರಿಸುತ್ತಾರೆ, ರೀಲ್ ಮಾಡುತ್ತಾರೆ. ಮರುದಿನ ಪೊಲೀಸರು ಶಸ್ತ್ರಾಸ್ತ್ರ ಕಾಯ್ದೆಯಡಿ ಒಳಗೆ ಹಾಕುತ್ತಾರೆ. ಕೇಕು ತಿನ್ನಲು ಬಂದಿದ್ದ ಹದಿನಾರರ ಹುಡುಗನೂ ಆ ರೀಲಿನಲ್ಲಿ ಇರುತ್ತಾನೆ.

ಈ ಊರುಗಳ ಗಾಯವನ್ನು ನೀನು ಬಲ್ಲೆ. 1982ರ ಗಿರಣಿ ಮುಷ್ಕರದ ಆಮೇಲೆ ಗಿರಣಗಾಂವಿನ ಎಷ್ಟೋ ಮನೆಗಳ ಹುಡುಗರು ಟೋಳಿಗಳ ಕೈಗೆ ಹೋದದ್ದನ್ನು ಮುಂಬಯಿ ಕಂಡಿದೆ. ಆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಒಂದೊಂದಾಗಿ ಯಂತ್ರಗಳು ನಿಂತವು. ಕಲ್ಯಾಣದ ಪಕ್ಕ ಮೋಹನೆಯ ಎನ್‌ಆರ್‌ಸಿ ರೇಯಾನ್ ಕಾರ್ಖಾನೆಗೆ 2009ರಲ್ಲಿ ಬೀಗ ಬಿತ್ತು. ಸಾವಿರಾರು ಕಾರ್ಮಿಕರು ಬರಬೇಕಾದ ಹಣಕ್ಕಾಗಿ ವರ್ಷಗಟ್ಟಲೆ ಅಲೆದರು. ಕಾಲೊನಿಯಲ್ಲಿ ಬೆಳೆದ ಹುಡುಗ ಅಪ್ಪನನ್ನು ಬೆಳಿಗ್ಗೆ ಎಂಟಕ್ಕೆ ಸಮವಸ್ತ್ರದಲ್ಲಿ ಕಂಡವನು, ಆಮೇಲೆ ಮಧ್ಯಾಹ್ನ ಹನ್ನೆರಡಕ್ಕೆ ಬನಿಯನ್ನಿನಲ್ಲಿ ಕಂಡ. ಆ ಅಪ್ಪನ ಮಾತು ಮನೆಯಲ್ಲಿ ನಡೆಯುವುದು ನಿಂತುಹೋಯಿತು. ಕಾರ್ಖಾನೆಗೆ ಬೀಗ ಹಾಕುವವರ ಲೆಕ್ಕದಲ್ಲಿ ಈ ನಷ್ಟಕ್ಕೆ ಒಂದು ಕಾಲಂ ಇರುವುದಿಲ್ಲ.

ನವಿ ಮುಂಬಯಿಯ ತುರ್ಭೆಯ ಬಸ್ತಿಗಳಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಬಂದವರು ಇದ್ದಾರೆ. ಬೆಳಿಗ್ಗೆ ನಾಕಾದಲ್ಲಿ ಬುತ್ತಿ ಹಿಡಿದು ನಿಂತು, ಗುತ್ತಿಗೆದಾರ ಕೈಮಾಡಿದರೆ ಗಾರೆ ಕೆಲಸಕ್ಕೆ ಹೋಗುವವರು. ಅವರ ಮಕ್ಕಳು ಮರಾಠಿ ಶಾಲೆಯಲ್ಲಿ ಓದಿ, ಹಿಂದಿಯಲ್ಲಿ ಜಗಳವಾಡಿ, ಅವ್ವನ ಮುಂದೆ ಮಾತ್ರ ಕನ್ನಡದವರು. ಒಬ್ಬ ತಾಯಿ ನನ್ನ ಕೈ ಹಿಡಿದು ಹೇಳಿದಳು: "ಅಣ್ಣಾರ, ಊರಾಗ ಮಳಿ ಇರಲಿಲ್ರಿ, ಅದಕ್ಕ ಬಂದ್ವಿ. ಹೊಟ್ಟಿಗೇನೂ ಕಮ್ಮಿ ಇಲ್ಲ ಈಗ. ಮಗಾ ಕೈಯಾಗ ಉಳೀವಲ್ಲ." ಅವಳ ಮಾತನ್ನು ಹಾಗೆಯೇ ನಿನಗೆ ಮುಟ್ಟಿಸುತ್ತಿದ್ದೇನೆ. ಅವಳ ಕನ್ನಡ ನಿನಗೆ ತಿಳಿಯುತ್ತದೆ. ಆ ನಾಡಿನ ದಾಸರಲ್ಲಿ ಎಷ್ಟೋ ಮಂದಿ ನಿನ್ನ ಹೆಸರನ್ನೇ ಅಂಕಿತವಾಗಿ ಹೊತ್ತವರು.

ನಮ್ಮ ಸಂಜೆಯ ಕೋಣೆಯಲ್ಲಿ ಒಂದು ಆಟವಿದೆ, ಅದನ್ನೂ ನಿನಗೆ ಹೇಳಬೇಕು. ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತೇವೆ. ಒಬ್ಬನ ಮುಷ್ಟಿಯಲ್ಲಿ ಚೆಂಡು. ಮೂವತ್ತು ಸೆಕೆಂಡಿನೊಳಗೆ ಅದನ್ನು ತೆಗೆದುಕೋ ಎಂದು ಇನ್ನೊಬ್ಬನಿಗೆ ಹೇಳುತ್ತೇವೆ. ಬೆರಳು ತಿರುಚುತ್ತಾರೆ, ಉಗುರು ಊರುತ್ತಾರೆ, ನೆಲಕ್ಕೆ ಉರುಳುತ್ತಾರೆ. ಸಮಯ ಮುಗಿದ ಮೇಲೆ, ಚೆಂಡು ಕೊಡು ಎಂದು ಬಾಯಿಬಿಟ್ಟು ಕೇಳಿದವರು ಯಾರು ಎನ್ನುತ್ತೇವೆ. ಕೋಣೆ ಸುಮ್ಮನಾಗುತ್ತದೆ. ಕೇಳಿದ್ದರೆ ಕೊಡುತ್ತಿದ್ದೆಯಾ ಎಂದರೆ, ಕೊಡುತ್ತಿದ್ದೆ, ಒಂದು ಚೆಂಡು ತಾನೇ ಎನ್ನುತ್ತಾನೆ ಮುಷ್ಟಿ ಕಟ್ಟಿದವನು. ಈ ಆಟ ಶಿಕಾಗೋದ ‘ಬಿಕಮಿಂಗ್ ಎ ಮ್ಯಾನ್’ ಎಂಬ ಕಾರ್ಯಕ್ರಮದಿಂದ ಬಂದದ್ದು. ಅಲ್ಲಿಯ ವಿಶ್ವವಿದ್ಯಾಲಯದವರು ಚೀಟಿ ಎತ್ತಿದಂತೆ ಹುಡುಗರನ್ನು ಎರಡು ಗುಂಪು ಮಾಡಿ ಪರೀಕ್ಷಿಸಿದರು. ಕಾರ್ಯಕ್ರಮ ನಡೆಯುತ್ತಿದ್ದ ಕಾಲದಲ್ಲಿ ಹಿಂಸೆಯ ಪ್ರಕರಣಗಳಲ್ಲಿ ಬಂಧನ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಕಾರ್ಯಕ್ರಮ ಮುಗಿದ ಮೇಲೆ ಆ ಇಳಿತ ಉಳಿಯಲಿಲ್ಲ. ಈ ಎರಡನೆಯ ಮಾತು ನನ್ನನ್ನು ರಾತ್ರಿ ಎಬ್ಬಿಸುತ್ತದೆ. ಹುಡುಗನಿಗೆ ಒಮ್ಮೆ ಕಲಿಸಿ ಕೈತೊಳೆದುಕೊಳ್ಳುವ ಪಾಠವಲ್ಲ ಇದು. ನಾವು ಪಕ್ಕದಲ್ಲಿ ನಿಂತಿರುವಷ್ಟು ಕಾಲ ಮಾತ್ರ ಕೆಲಸ ಮಾಡುವ ಪಾಠ. ಹಣ ಕೊಡುವವರು ಮೂರು ವರ್ಷದ ಯೋಜನೆ ಎನ್ನುತ್ತಾರೆ. ಹುಡುಗನಿಗೆ ಹದಿನಾಲ್ಕು ತುಂಬಿದಾಗ ಶುರುವಾದ ಯೋಜನೆ ಅವನಿಗೆ ಹದಿನೇಳಾದಾಗ ಮುಗಿದರೆ, ಅತಿ ಕೆಟ್ಟ ವಯಸ್ಸಿನಲ್ಲಿ ಅವನ ಕೈಬಿಟ್ಟಂತೆ. ಇಟ್ಟಿಗೆಯ ಮೇಲೆ ಮೂರು ವರ್ಷ ಎಂದು ನೀನು ಬರೆಸಿಕೊಂಡಿರಲಿಲ್ಲ. ದುಡ್ಡು ಕೊಡುವವರಿಗೆ ಆ ನಿಲುವಿನ ಒಂದಿಷ್ಟು ಕೊಡು.

ಅದೇ ಶಿಕಾಗೋದ ಗ್ಯಾರಿ ಸ್ಲಟ್ಕಿನ್ ಎಂಬ ವೈದ್ಯರು ಆಫ್ರಿಕಾದಲ್ಲಿ ಕಾಲರಾ, ಏಡ್ಸ್‌ಗಳ ನಡುವೆ ದುಡಿದು ಊರಿಗೆ ಮರಳಿದಾಗ, ಗುಂಡೇಟುಗಳೂ ಸೋಂಕಿನ ಹಾಗೆಯೇ ಒಂದರಿಂದ ಇನ್ನೊಂದಕ್ಕೆ ಹಬ್ಬುತ್ತಿರುವುದನ್ನು ಕಂಡರು. 2000ದಲ್ಲಿ ಅಲ್ಲಿಯ ಒಂದು ಬಡಾವಣೆಯಲ್ಲಿ ಕೆಲಸ ಶುರುವಾಯಿತು: ಮೊದಲ ಏಟಿಗೂ ಸೇಡಿನ ಏಟಿಗೂ ನಡುವೆ ಹೋಗಿ ನಿಲ್ಲುವುದು. ನಿಲ್ಲುವವರು ಅದೇ ಬೀದಿಯವರು, ಹಿಂದೆ ಅದೇ ದಾರಿಯಲ್ಲಿ ಓಡಾಡಿದವರು. ನಮ್ಮಲ್ಲಿಯೂ ಅಂಥವರಿದ್ದಾರೆ. ಆಧಾರವಾಡಿ ಜೈಲು ಕಂಡು ಬಂದವರು, ಈಗ ರಿಕ್ಷಾ ಓಡಿಸುವವರು, ವಡಾಪಾವ್ ಗಾಡಿ ಇಟ್ಟವರು. ಯಾರೋ ಮಾರಾಮಾರಿಗೆ ಹೊರಟಿದ್ದಾರೆ ಎಂದು ರಾತ್ರಿ ಫೋನು ಬಂದರೆ ಚಪ್ಪಲಿ ಮೆಟ್ಟಿ ಹೊರಡುತ್ತಾರೆ. ಅವರ ಬಾಯಲ್ಲಿ ಉಪದೇಶವಿಲ್ಲ. "ಆಜ್ ನಹೀ. ಕಲ್ ದೇಖೇಂಗೆ," ಎನ್ನುತ್ತಾರೆ. ಇವತ್ತು ಬೇಡ, ನಾಳೆ ನೋಡೋಣ. ಚಹಾ ಕುಡಿಸುತ್ತಾರೆ, ಗಾಡಿಯ ಹಿಂದೆ ಕೂರಿಸಿಕೊಂಡು ದುರ್ಗಾಡಿ ಕೋಟೆಯ ಖಾಡಿಯವರೆಗೆ ಹೋಗಿ ಬರುತ್ತಾರೆ. ಬೆಳಗಾಗುವಷ್ಟರಲ್ಲಿ ಕೋಪದ ಅರ್ಧ ಇಳಿದಿರುತ್ತದೆ. ವಿಠಲಾ, ಈ ಮನುಷ್ಯರನ್ನು ಕಾಪಾಡು. ಎರಡು ಗುಂಪಿನ ನಡುವೆ ಬರಿಗೈಯಲ್ಲಿ ನಿಲ್ಲುವವರು ಅವರು. ಪೊಲೀಸರಿಗೂ ಅವರ ಮೇಲೆ ಗುಮಾನಿ, ಹಳೆಯ ಜೊತೆಗಾರರಿಗೂ ಗುಮಾನಿ. ಅವರಿಗೆ ತಿಂಗಳ ಕೊನೆಯಲ್ಲಿ ನಾನು ಕೊಡುವ ಹಣ ಅವರ ಎದೆಗಾರಿಕೆಗೆ ಸಾಟಿಯಲ್ಲ.

ಈ ದಾರಿಯಲ್ಲಿ ನಾವು ಒಬ್ಬಂಟಿಗಳಲ್ಲ ಎಂಬುದಕ್ಕೆ ನಿನಗೆ ವಂದನೆ. 1984ರಿಂದ ನಡೆದು ಬಂದಿರುವ ‘ಯುವಾ’ ಸಂಸ್ಥೆ ಖಾರ್ಘರ್‌ನಲ್ಲಿ ನೆಲೆ ನಿಂತಿದೆ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ 1990ರಿಂದ ಜೈಲಿನೊಳಗಿನವರ ಜೊತೆ ಕೂತು ಅವರ ಮಾತು ಕೇಳುತ್ತಿದೆ. ಹರೀಶ್ ಸದಾನಿಯವರ ‘ಮಾವಾ’ 1993ರಿಂದ ಗಂಡುಹುಡುಗರಿಗೆ ಹೆಣ್ಣಿನ ಮೇಲೆ ಕೈಯೆತ್ತದ ಗಂಡಸುತನವನ್ನು ಕಲಿಸುತ್ತಿದೆ. ಠಾಣೆಯ ತೀನ್ ಹಾತ್ ನಾಕಾದ ಮೇಲ್ಸೇತುವೆಯ ಕೆಳಗೆ, ಸಿಗ್ನಲ್ಲಿನಲ್ಲಿ ಹೂವು ಮಾರುವ ಮಕ್ಕಳಿಗಾಗಿ 2016ರಲ್ಲಿ ಶಾಲೆಯೊಂದು ಹುಟ್ಟಿತು. ಮಕ್ಕಳು ಶಾಲೆಗೆ ಬರಲಿಲ್ಲವೆಂದು ಶಾಲೆಯೇ ಸೇತುವೆಯ ಕೆಳಗೆ ಬಂತು. ಠಾಣೆಯ ಸಮತಾ ವಿಚಾರ ಪ್ರಸಾರಕ ಸಂಸ್ಥೆಯ ಜೊತೆ ಸೇರಿ ನಾಟಕಕಾರ ರತ್ನಾಕರ ಮತಕರಿ ಬಸ್ತಿಯ ಹುಡುಗರಿಗಾಗಿ ‘ವಂಚಿತಾಂಚಾ ರಂಗಮಂಚ’ ಕಟ್ಟಿದರು. ತಮ್ಮ ಗಲ್ಲಿಯ ಕಥೆಯನ್ನು ತಾವೇ ಬರೆದು ತಾವೇ ಆಡುವ ಹುಡುಗರನ್ನು ಅಲ್ಲಿ ಕಾಣಬಹುದು. ಮತಕರಿಯವರು 2020ರಲ್ಲಿ ತೀರಿಕೊಂಡರು. ಅವರಿಗೆ ನಿನ್ನ ಹತ್ತಿರ ಒಳ್ಳೆಯ ಜಾಗ ಸಿಕ್ಕಿರಲಿ. ಹೊಡೆಯುವ ಅಪ್ಪನ ಪಾತ್ರ ಮಾಡಿದ ಹುಡುಗ ತನ್ನ ಅಪ್ಪನನ್ನು ಬೇರೆ ಕಣ್ಣಿನಿಂದ ನೋಡಬಲ್ಲ; ಹತ್ತು ಭಾಷಣಗಳಿಗೆ ಆಗದ್ದು ಒಂದು ರಂಗದ ಮೇಲೆ ಆಗುತ್ತದೆ ಎಂದು ನಾನು ನಂಬುತ್ತೇನೆ.

ನಮ್ಮವರ ಹಳೆಯ ರಾತ್ರಿ ಶಾಲೆಗಳನ್ನೂ ನೆನೆಯದೆ ಮುಂದೆ ಹೋಗಲಾರೆ. ಕರಾವಳಿಯಿಂದ ಹನ್ನೆರಡು, ಹದಿಮೂರರ ವಯಸ್ಸಿಗೆ ಬಸ್ಸು, ಹಡಗು ಹತ್ತಿ ಬಂದ ಹುಡುಗರು ಹಗಲೆಲ್ಲ ಕ್ಯಾಂಟೀನಿನಲ್ಲಿ ಲೋಟ ತೊಳೆದು, ಸಂಜೆ ಮೊಗವೀರರ ರಾತ್ರಿ ಶಾಲೆಯಲ್ಲೋ ಗುರುನಾರಾಯಣ ರಾತ್ರಿ ಶಾಲೆಯಲ್ಲೋ ಕೂತು ಮೆಟ್ರಿಕ್ ಮಾಡಿದರು. ಅವರಲ್ಲಿ ಬ್ಯಾಂಕಿನ ಮ್ಯಾನೇಜರರಾದವರಿದ್ದಾರೆ, ವಕೀಲರಾದವರಿದ್ದಾರೆ. ಅವರದೇ ಊರುಗಳಿಂದ ಬಂದ ಕೆಲವರು ಟೋಳಿಗಳಿಗೆ ಸೇರಿ, ಹೆಸರು ಕೇಳಿದರೆ ಹೋಟೆಲು ಮಾಲೀಕರು ನಡುಗುವಂತೆ ಬೆಳೆದರು. ದೇಶ ಬಿಟ್ಟು ಓಡಿದರು. ಒಂದೇ ಮಣ್ಣು, ಒಂದೇ ಬಡತನ, ಒಂದೇ ಗಾಡಿಯಲ್ಲಿ ಬಂದವರು. ರಾತ್ರಿ ಏಳು ಗಂಟೆಗೆ ಒಬ್ಬನಿಗೆ ಬೆಂಚು ಕಾಯುತ್ತಿತ್ತು, ಇನ್ನೊಬ್ಬನಿಗೆ ಬೀದಿ ಕಾಯುತ್ತಿತ್ತು. ಎಲ್ಲವನ್ನೂ ಇದೊಂದೇ ವಿವರಿಸದು ಎಂದು ಬಲ್ಲೆ. ಆದರೂ ಆ ಬೆಂಚನ್ನು ಕಾದಿಟ್ಟ ಮೇಷ್ಟ್ರುಗಳಿಗೆ ಕೈಮುಗಿಯುತ್ತೇನೆ. ಡೊಂಬಿವಲಿ, ಠಾಣೆ, ನವಿ ಮುಂಬಯಿಯ ನಮ್ಮ ಕನ್ನಡ ಸಂಘಗಳಿಗೆ ಸಭಾಂಗಣಗಳಿವೆ, ವಾರದ ಸಂಜೆ ಅವುಗಳಲ್ಲಿ ಎಷ್ಟೋ ಖಾಲಿ ಬಿದ್ದಿರುತ್ತವೆ. ಅವುಗಳ ಬೀಗದ ಕೈ ಹಿಡಿದವರ ಮನಸ್ಸು ತೆರೆ. ನಾಕಾದ ಕನ್ನಡದ ಮಗನೂ ಅಲ್ಲಿ ಕಾಲಿಡಲಿ; ಅವನ ಮರಾಠಿ ಗೆಳೆಯನೂ, ಮುಂಬ್ರಾದ ಉರ್ದು ಗೆಳೆಯನೂ ಅವನ ಜೊತೆ ಬರಲಿ.

ನಿನ್ನ ಗುಡಿಯ ಬಾಗಿಲು ಕೂಡ ಬೇಗ ತೆರೆಯಲಿಲ್ಲ, ತಂದೆ. ನಿನ್ನ ದಲಿತ ಭಕ್ತ ಚೋಖಾಮೇಳ ಹೊರಗೇ ನಿಂತ. ಅವನ ಸಮಾಧಿ ಇಂದಿಗೂ ಮಹಾದ್ವಾರದ ಎದುರು ಇದೆ. ಆ ಬಾಗಿಲು ದಲಿತರಿಗೆ ತೆರೆಯಲು 1947ರಲ್ಲಿ ಸಾನೆ ಗುರೂಜಿ ಪ್ರಾಣ ಪಣಕ್ಕಿಟ್ಟು ಉಪವಾಸ ಕೂರಬೇಕಾಯಿತು. ಆದ್ದರಿಂದ ಮುಚ್ಚಿದ ಬಾಗಿಲಿನ ಸಂಕಟ ನಿನಗೆ ಹೊಸದಲ್ಲ. ನನ್ನ ಹುಡುಗರ ವಿಳಾಸ ಕೇಳಿದರೆ ಕೆಲಸ ಕೊಡುವವನ ಮುಖ ಬದಲಾಗುತ್ತದೆ. ಪೊಲೀಸ್ ವೆರಿಫಿಕೇಶನ್ ಎಂದೊಡನೆ ಹುಡುಗನೇ ಹಿಂದೆ ಸರಿಯುತ್ತಾನೆ. ಮಕ್ಕಳ ನ್ಯಾಯ ಕಾಯ್ದೆ, 2015 ಒಂದು ಒಳ್ಳೆಯ ಮಾತು ಹೇಳುತ್ತದೆ: ಬಾಲ ನ್ಯಾಯ ಮಂಡಳಿಯ ಮುಂದೆ ಇತ್ಯರ್ಥವಾದ ಪ್ರಕರಣ ಆ ಮಗುವಿನ ಮುಂದಿನ ಬದುಕಿಗೆ ಅಡ್ಡಿಯಾಗಬಾರದು. ಅದೇ ಕಾಯ್ದೆ ಹದಿನಾರು ದಾಟಿದವನು ಘೋರ ಅಪರಾಧ ಮಾಡಿದರೆ ಅವನನ್ನು ದೊಡ್ಡವರಂತೆ ವಿಚಾರಿಸುವ ದಾರಿಯನ್ನೂ ತೆರೆದಿದೆ. ಹದಿನೆಂಟು ದಾಟಿದವನಿಗೆ ತಡಿಪಾರ್ ಇದೆ. ಎರಡು ವರ್ಷದವರೆಗೆ ಜಿಲ್ಲೆಯಿಂದ, ಅಕ್ಕಪಕ್ಕದ ಕೆಲವು ಜಿಲ್ಲೆಗಳಿಂದ ಹೊರಗೆ. ಊರಿಗೆ ನೆಮ್ಮದಿ ಸಿಗಲೆಂದು ಅಧಿಕಾರಿಗಳು ಬರೆದ ಆಜ್ಞೆ. ಅವರ ಕಷ್ಟವೂ ನನಗೆ ಅರ್ಥವಾಗುತ್ತದೆ. ಆದರೆ ಅವ್ವ, ಕೆಲಸ, ಗೆಳತಿ, ನಮ್ಮ ಕೋಣೆ ಎಲ್ಲದರಿಂದಲೂ ಅವನನ್ನು ಒಮ್ಮೆಗೇ ಕಿತ್ತು ಕಸಾರಾ ಘಟ್ಟದ ಆಚೆಗೆ ಕಳಿಸಿದರೆ, ಇಗತ್ಪುರಿಯ ಪ್ಲಾಟ್‌ಫಾರ್ಮಿನಲ್ಲಿ ಅವನಿಗೆ ಅನ್ನ ಹಾಕಲು ಬರುವವನು ಯಾರು? ಅಲ್ಲಿಯೂ ಯಾರಾದರೂ ಒಳ್ಳೆಯವರನ್ನು ಅವನಿಗಿಂತ ಮೊದಲು ಕಳಿಸು.

ಏಟು ತಿಂದವರನ್ನು ನನ್ನ ಕಣ್ಣಿನಿಂದ ಮರೆಮಾಡಬೇಡ. ಹೊಡೆದ ಹುಡುಗನ ಕಥೆ ಹೇಳುತ್ತ ಹೇಳುತ್ತ, ಹೊಡೆಸಿಕೊಂಡವನ ಮನೆಯ ದಾರಿ ಮರೆಯುವುದು ನಮ್ಮಂಥವರಿಗೆ ಬಹಳ ಸುಲಭ. ಸತ್ತ ಹುಡುಗನ ತಾಯಿಗೆ ನಾನು ಏನು ಹೇಳಲಿ? ಅವಳ ಕಿರಿಯ ಮಗ ಈಗ ಹದಿಮೂರರವನು, ಅಣ್ಣನ ಫೋಟೋವನ್ನು ಮೊಬೈಲಿನ ಪರದೆಗೆ ಹಾಕಿಕೊಂಡವನು. ಸೇಡಿನ ಮಾತು ಅವನ ಕಿವಿಗೆ ಬೀಳದ ದಿನವಿಲ್ಲ. ಅವನ ಪಕ್ಕದಲ್ಲಿ ನಿಲ್ಲಲು ನಮ್ಮಲ್ಲಿ ಒಬ್ಬರಿಗಾದರೂ ಎದೆ ಕೊಡು. ಹಾಗೆಯೇ ಈ ಗಲ್ಲಿಗಳ ಹೆಣ್ಣುಮಕ್ಕಳನ್ನು ನೋಡು. ಹೊರಗೆ ಕತ್ತಿ ಹಿಡಿಯದಂತೆ ನಾವು ತಡೆದ ಹುಡುಗ ಮನೆಯಲ್ಲಿ ತಂಗಿಯ ಕೆನ್ನೆಗೆ ಬಾರಿಸಿದರೆ, ನಾನು ಅದನ್ನು ಗೆಲುವೆಂದು ಬರೆಯಲಾರೆ.

ಬರೆಯುವ ಮಾತು ಬಂತು. ವರ್ಷದ ಕೊನೆಗೆ ಹಣ ಕೊಡುವವರು ವರದಿ ಕೇಳುತ್ತಾರೆ, ಕೇಳಲೇಬೇಕು. ಅದು ಅವರ ಬೆವರಿನ ಹಣ. ಎಷ್ಟು ಹುಡುಗರು, ಎಷ್ಟು ಸಭೆ, ಎಷ್ಟು ಪ್ರಮಾಣಪತ್ರ ಎಂದು ತುಂಬಿಸುತ್ತೇನೆ. ನಮ್ಮ ನಿಜವಾದ ಕೆಲಸ ನಡೆಯದೇ ಹೋದ ಜಗಳಗಳಲ್ಲಿದೆ. ಅದಕ್ಕೆ ಎಫ್‌ಐಆರ್ ಸಂಖ್ಯೆ ಇಲ್ಲ, ಸಾಕ್ಷಿ ಇಲ್ಲ, ಪತ್ರಿಕೆಯಲ್ಲಿ ಎರಡು ಸಾಲೂ ಇಲ್ಲ. ಒಂದು ರಾತ್ರಿ ಪತ್ರಿಪೂಲದ ಹತ್ತಿರ ಎರಡು ಗುಂಪು ಬಂದು ನಿಂತವು, ಮಾತಾಯಿತು, ಚದುರಿದವು. ಮರುದಿನ ಒಬ್ಬ ಪರೀಕ್ಷೆಗೆ ಹೋದ, ಒಬ್ಬ ಸ್ವಿಗ್ಗಿಯ ಅಂಗಿ ತೊಟ್ಟು ಹೊರಟ. ಏನೂ ಆಗಲಿಲ್ಲ. ಆ ‘ಏನೂ ಆಗಲಿಲ್ಲ’ಕ್ಕಾಗಿ ನನ್ನ ಜೊತೆಗಾರರು ವರ್ಷಗಟ್ಟಲೆ ನಿದ್ದೆ ಕೆಟ್ಟಿದ್ದಾರೆ. ಅದರ ಲೆಕ್ಕ ನಿನ್ನಲ್ಲಿ ಇರಲಿ. ಅವರು ದಣಿದು, ನಮ್ಮಿಂದ ಏನಾಯಿತು ಅಣ್ಣಾ ಎಂದು ಕೇಳಿದಾಗ ನಿನ್ನ ಆ ಲೆಕ್ಕದ ಪುಸ್ತಕದ ಒಂದು ಪುಟ ಅವರಿಗೆ ತೋರಿಸು.

ಹುಡುಗರ ಒಳಗಿನ ಬಲವನ್ನು ಕಾಣದ ದಿನ ನನ್ನನ್ನು ಈ ಕೆಲಸದಿಂದ ಬಿಡಿಸಿಬಿಡು. ಗೋಕುಲಾಷ್ಟಮಿಯ ಮರುದಿನ, ದಹಿ ಹಂಡಿಯಂದು, ಠಾಣೆಯ ರಸ್ತೆಗಳಲ್ಲಿ ಅದು ಕಾಣುತ್ತದೆ. ಗಡಿಗೆ ಒಡೆದು ಬೆಣ್ಣೆ ಕದ್ದ ನಿನ್ನ ತುಂಟತನವನ್ನೇ ಹಬ್ಬ ಮಾಡಿಕೊಂಡ ಊರು ಇದು. 2012ರಲ್ಲಿ ಇದೇ ಠಾಣೆಯಲ್ಲಿ ಜೈ ಜವಾನ್ ಗೋವಿಂದಾ ಪಥಕದವರು ಒಂಬತ್ತು ಥರದ ಮಾನವ ಗೋಪುರ ಏರಿಸಿ ವಿಶ್ವದಾಖಲೆ ಬರೆದರು. ಕೆಳಗಿನ ಥರದಲ್ಲಿ ನಿಂತವನ ಮುಖ ಯಾವ ಕ್ಯಾಮೆರಾಗೂ ಕಾಣುವುದಿಲ್ಲ. ಕತ್ತು ಬಗ್ಗಿಸಿ, ಇನ್ನೊಬ್ಬನ ಭುಜ ಹಿಡಿದು, ತನ್ನ ಮೇಲೆ ಏರುವವರ ಭಾರವನ್ನೆಲ್ಲ ಹೊತ್ತು ಅಲುಗದೆ ನಿಂತಿರುತ್ತಾನೆ. ಅವನು ಸರಿದರೆ ಮೇಲಿನ ಮಗು ಬೀಳುತ್ತದೆ ಎಂದು ಅವನಿಗೆ ಗೊತ್ತು. ವರ್ಷವಿಡೀ ನಾವು ಯಾರನ್ನು ಗೂಂಡಾ ಎನ್ನುತ್ತೇವೋ ಅವನೇ ಅಲ್ಲಿ ನಿಂತಿರುವುದನ್ನು ನಾನು ನೋಡಿದ್ದೇನೆ. ಬಿದ್ದು ಕೈಕಾಲು ಮುರಿದುಕೊಂಡವರನ್ನೂ ನೋಡಿದ್ದೇನೆ. ಕ್ಯಾಮೆರಾ ಹೋದ ಮೇಲೆ ಆಸ್ಪತ್ರೆಯಲ್ಲಿ ಅವರ ಜೊತೆ ಕೂತವರು ಬಹಳ ಜನ ಇರಲಿಲ್ಲ. ಮೇಲೆ ಏರುವವರು ಇವರ ಮೇಲಿಡುವ ನಂಬಿಕೆಗೆ ತಕ್ಕ ಭಾರವನ್ನು ಉಳಿದ ದಿನಗಳಲ್ಲೂ ಅವರ ಹೆಗಲ ಮೇಲೆ ಇಡುವ ಊರು ನಮ್ಮದಾಗಲಿ.

ಕೊನೆಗೆ ಇವತ್ತಿನ ಬೇಡಿಕೆ. ತಡಿಪಾರಿನ ಅವಧಿ ಮುಗಿಸಿದ ಹುಡುಗನೊಬ್ಬ ಈ ವಾರ ಮನೆಗೆ ಬರುತ್ತಿದ್ದಾನೆ. ಇಪ್ಪತ್ತೊಂದರ ಪ್ರಾಯ. ವೆಲ್ಡಿಂಗ್ ಬರುತ್ತದೆ. ಡೊಂಬಿವಲಿ ಎಂಐಡಿಸಿಯಲ್ಲಿ ವರ್ಕ್‌ಶಾಪ್ ಇರುವ ನಮ್ಮವರೊಬ್ಬರ ಹತ್ತಿರ ಮಾತಾಡಿದ್ದೇನೆ. ನೋಡೋಣ ಎಂದಿದ್ದಾರೆ, ಮನೆಯವರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಅವನ ಹಳೆಯ ಗುಂಪಿನವರು ಆಗಲೇ ಸ್ಟೇಷನ್ನಿಗೆ ಹಾರ ತರುವ ಮಾತಾಡುತ್ತಿದ್ದಾರೆ. ನಾವೂ ಹೋಗುತ್ತೇವೆ, ಅವರಿಗಿಂತ ಮೊದಲು. ಅಷ್ಟರೊಳಗೆ ಆ ಮಾಲೀಕರ ಮನಸ್ಸಿನಲ್ಲಿ ಹೋಗಿ ನಿಲ್ಲು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಳಿಸಿ ಎಂದು ಅವರ ಬಾಯಿಂದ ಹೇಳಿಸು, ವಿಠಲಾ.